ಹೊಟ್ಟೆಗೆ ಕಟ್ಟಿಕೊಂಡು ಹೋದದ್ದು

ಇದನ್ನು ಕಟ್ಟುಕಥೆ ಅಂದುಕೊಂಡು ಓದುವವರು ಇಲ್ಲಿಗೇ ನಿಲ್ಲಿಸಿಬಿಡಿ. ನಡೆದದ್ದು ನನಗೇ. ಆ ರಾತ್ರಿ ವ್ಯಾನ್ ಓಡಿಸಿದ ನಜೀರ್ ಭಾಯ್ ಈಗಲೂ ಶಿವಮೊಗ್ಗದಲ್ಲೇ ಇದ್ದಾರೆ. ಸಿಕ್ಕಾಗಲೆಲ್ಲ ಚಹಾ ಕುಡಿಸುತ್ತಾರೆ, ಮಕ್ಕಳ ಓದು, ಪೆಟ್ರೋಲ್ ರೇಟು ಎಲ್ಲ ಮಾತಾಡುತ್ತಾರೆ. ಆ ವಿಷಯ ಮಾತ್ರ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ನಾನು ದೆವ್ವ ಭೂತ ನಂಬುವವಳಲ್ಲ. ಅಮಾವಾಸ್ಯೆಯ ರಾತ್ರಿಯೂ ಒಬ್ಬಳೇ ಕೂತು ಲ್ಯಾಬಿನ ಕೆಲಸ ಮುಗಿಸಿ ಬಂದವಳು. ಕಣ್ಣಿಗೆ ಕಂಡದ್ದನ್ನೂ ಇನ್ನೊಂದು ಸಲ ಪರೀಕ್ಷೆ ಮಾಡದೆ ಒಪ್ಪಬಾರದು ಅಂತಲೇ ನನಗೆ ಕಲಿಸಿದ್ದು. ಆದರೆ ಇದನ್ನು ಇನ್ನೊಂದು ಸಲ ಪರೀಕ್ಷೆ ಮಾಡುವುದು ಹೇಗೆ?

ನಮ್ಮ ಲ್ಯಾಬ್ ಇರುವುದು ಶಿವಮೊಗ್ಗದ ಹೊರಗೆ, ಆಯನೂರಿನ ಕಡೆ ಹೋಗುವ ರಸ್ತೆಯಲ್ಲಿ. ಕ್ಯಾನ್ಸರ್ ರೋಗಿಗಳ ಮೈಯಿಂದ ತೆಗೆದ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ನಾವು ಫ್ಲಾಸ್ಕ್ ಅನ್ನುತ್ತೇವೆ. ಅದರ ತಳದಲ್ಲಿ ಕೋಶಗಳು ಅಂಟಿಕೊಂಡು ಬೆಳೆಯುತ್ತವೆ. ಮೇಲೆ ಗುಲಾಬಿ ಬಣ್ಣದ ದ್ರವ, ಅದೇ ಅವುಗಳ ಊಟ. ಫ್ಲಾಸ್ಕುಗಳು ಹಗಲೂ ರಾತ್ರಿ ಇನ್‌ಕ್ಯುಬೇಟರಿನಲ್ಲಿ ಇರಬೇಕು. ಮನುಷ್ಯನ ಮೈ ಎಷ್ಟು ಬಿಸಿಯೋ ಅಷ್ಟೇ ಬಿಸಿ ಇರುವ ಪೆಟ್ಟಿಗೆ ಅದು.

ಬೆಳೆಸಿ ಏನು ಮಾಡುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಕೊಲ್ಲುತ್ತೇವೆ. ಕೊಲ್ಲಲು ನೋಡುತ್ತೇವೆ.

ರೋಗಿಗೆ ಕೊಡುವ ಔಷಧಿಯನ್ನೇ ಈ ಕೋಶಗಳಿಗೂ ಸ್ವಲ್ಪ ಸ್ವಲ್ಪ ಹಾಕುತ್ತೇವೆ. ಹೆಚ್ಚಿನವು ಸಾಯುತ್ತವೆ. ತಳದಲ್ಲಿ ಹರಡಿಕೊಂಡಿದ್ದವು ಸಾಸಿವೆಯ ಹಾಗೆ ಉರುಟಾಗಿ, ಹಿಡಿತ ಬಿಟ್ಟು ಮೇಲೆ ತೇಲುತ್ತವೆ. ಆದರೆ ಎಲ್ಲೋ ಒಂದು ಮೂಲೆಯಲ್ಲಿ ಕೆಲವು ಉಳಿದುಕೊಳ್ಳುತ್ತವೆ. ಅವನ್ನು ಮತ್ತೆ ಬೆಳೆಸಿ ಇನ್ನಷ್ಟು ಔಷಧಿ ಹಾಕುತ್ತೇವೆ. ಅದರಲ್ಲೂ ಉಳಿದವಕ್ಕೆ ಮತ್ತಷ್ಟು. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಕೊನೆಗೆ ಆ ಔಷಧಿಗೆ ಜಗ್ಗದ ಒಂದು ಪೀಳಿಗೆಯೇ ಹುಟ್ಟಿಕೊಳ್ಳುತ್ತದೆ. ರೋಗಿಯ ಮೈಯಲ್ಲೂ ನಡೆಯುವುದು ಇದೇ. ಮೊದಲು ನಾಟಿದ ಔಷಧಿ ಆಮೇಲೆ ಯಾಕೆ ನಾಟುವುದಿಲ್ಲ ಅನ್ನುವುದನ್ನು ಹೀಗೆ ತಿಳಿದುಕೊಳ್ಳಬೇಕು.

ಸೆಲ್ವಿಯಮ್ಮ ನನಗೆ ಸಿಕ್ಕಿದ್ದು ಹೀಗೇ.

ಭದ್ರಾವತಿಯ ಕಾಗದನಗರದವರು. ಗಂಡ ಕಾಗದದ ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ವಿಭಾಗದಲ್ಲಿದ್ದು ತೀರಿಕೊಂಡಿದ್ದರು. ಮಗಳು ರೇವತಿ ಜೊತೆ ಹಳೇ ಕ್ವಾರ್ಟರ್ಸಿನಲ್ಲಿ ಇದ್ದರು. ನಾನು ಮೊದಲು ನೋಡಿದಾಗ ಶಿವಮೊಗ್ಗದ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕೂತಿದ್ದರು, ಪಕ್ಕದಲ್ಲಿ ರೇವತಿ. ಅಂಡಾಶಯದ ಕ್ಯಾನ್ಸರ್. ಹೊಟ್ಟೆ, ದಿನ ತುಂಬಿದ ಬಸುರಿಯದರ ಹಾಗೆ ಊದಿಕೊಂಡಿತ್ತು, ಸೂಜಿ ಚುಚ್ಚಿ ನೀರು ತೆಗೆಯುತ್ತಿದ್ದರು. ಆ ನೀರಿನಲ್ಲಿ ಕೋಶಗಳಿರುತ್ತವೆ. ಅದನ್ನು ಕೇಳಿ ಪಡೆಯಲು ನಾನು ಹೋಗಿದ್ದೆ.

“ಈ ನೀರು ತಗೊಂಡು ಏನ್ ಮಾಡ್ತೀಯ ಕಣ್ಣು?” ಅಂದರು. ಅವರಿಗೆ ಎಲ್ಲರೂ ಕಣ್ಣು. ತಮಿಳರಲ್ಲಿ ಪ್ರೀತಿಗೆ ಹಾಗೆ ಕರೆಯುತ್ತಾರೆ.

“ಇದರಲ್ಲಿರೋ ಕಾಯಿಲೆ ಕಣಗಳನ್ನ ಬೆಳೆಸ್ತೀವಿ ಅಮ್ಮ. ಔಷಧಿ ಯಾಕೆ ನಾಟಲ್ಲ ಅಂತ ನೋಡೋಕೆ.”

“ಬೆಳೆಸ್ತೀಯಾ? ಇದನ್ನಾ?” ಹೊಟ್ಟೆ ನೋವಾಗುವಷ್ಟು ನಕ್ಕರು. “ನಾನಿಲ್ಲಿ ಇದು ಸಾಯ್ಲಿ ಅಂತ ದಿನಾ ಬೇಡ್ಕೊಳ್ತಿದೀನಿ. ನೀನು ಅಲ್ಲಿ ಊಟ ಹಾಕ್ತೀಯ ಅನ್ನು.”

ಆಮೇಲೆ ನನ್ನ ಕೈ ಹಿಡಿದುಕೊಂಡು, “ತಗೊಂಡು ಹೋಗು. ಯಾರಿಗಾದ್ರೂ ಪ್ರಯೋಜನ ಆಗ್ಲಿ. ಒಂದ್ಸಲ ಮನೆಗೆ ಬಾ, ದೋಸೆ ಹಾಕ್ಕೊಡ್ತೀನಿ” ಅಂದರು.

ಬರ್ತೀನಿ ಅಂದೆ. ಹೋಗಲಿಲ್ಲ. ಕಾಗದನಗರದಲ್ಲಿ ಅವರ ಮನೆ ಯಾವುದು ಅಂತಲೂ ನನಗೆ ಗೊತ್ತಿರಲಿಲ್ಲ.

ಬೇರೆ ರೋಗಿಗಳ ಕೋಶಗಳು ನಮ್ಮ ಕೈಯಲ್ಲಿ ವಾರ ಎರಡು ವಾರ ಇದ್ದು ಸತ್ತುಹೋಗುತ್ತಿದ್ದವು. ಸೆಲ್ವಿಯಮ್ಮನವು ಸಾಯಲಿಲ್ಲ. ಫ್ಲಾಸ್ಕ್ ತುಂಬ ಹಬ್ಬಿದವು. ಅವನ್ನು ಎರಡು ಪಾಲು ಮಾಡಿದೆ. ಔಷಧಿಯನ್ನೇ ಕಾಣದ ಒಂದು ಪಾಲು, ಅದಕ್ಕೆ ನೀಲಿ ಟೇಪು. ಔಷಧಿ ಕೊಡುವ ಇನ್ನೊಂದು ಪಾಲು, ಅದಕ್ಕೆ ಕೆಂಪು ಟೇಪು. ನೀಲಿಯದರಲ್ಲಿ ಸ್ವಲ್ಪ ತೆಗೆದು ನೈಟ್ರೋಜನ್ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿಯೂ ಇಟ್ಟೆವು. ಹಾಗೆ ಇಟ್ಟರೆ ವರ್ಷಗಟ್ಟಲೆ ನಿದ್ದೆ ಮಾಡುತ್ತವೆ.

ಒಂದು ಬೆಳಿಗ್ಗೆ ರೇವತಿಯ ಫೋನಿನಿಂದ ಸೆಲ್ವಿಯಮ್ಮ ಮಾತಾಡಿದರು. ದನಿ ಬಹಳ ಸೋತಿತ್ತು.

“ನಿನ್ನೆ ಸಾಯಂಕಾಲ ಅದಕ್ಕೆ ಏನಾದ್ರೂ ಹಾಕಿದ್ಯಾ ಕಣ್ಣು?”

ಹಾಕಿದ್ದೆ. ಕೆಂಪು ಫ್ಲಾಸ್ಕಿಗೆ ಹಿಂದಿನ ಸಾಯಂಕಾಲವೇ ಔಷಧಿಯ ಪ್ರಮಾಣ ಏರಿಸಿದ್ದೆ. ಅದು ನನಗೆ ಮತ್ತು ಲ್ಯಾಬ್ ನಡೆಸುವ ನಮ್ಮ ಡಾಕ್ಟರ್ ಮೇಡಂಗೆ ಬಿಟ್ಟು ಯಾರಿಗೂ ಗೊತ್ತಿರುವ ವಿಷಯವಲ್ಲ.

“ಯಾಕಮ್ಮ?”

“ಆಸ್ಪತ್ರೇಲಿ ಸೂಜಿ ಮದ್ದು ಹಾಕಿದಾಗ ಬಾಯಲ್ಲಿ ತುಕ್ಕು ಕಬ್ಬಿಣ ಚೀಪಿದ ಹಾಗೆ ಆಗೋದು. ಮದ್ದು ನಿಲ್ಸಿ ತಿಂಗಳಾಯ್ತು... ನಿನ್ನೆ ಮತ್ತೆ ಬಂತು.”

ಔಷಧಿ ನಾಟುತ್ತಿಲ್ಲ, ಇನ್ನು ಮನೆಯಲ್ಲೇ ಆರೈಕೆ ಮಾಡಿ ಅಂತ ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ಇತ್ತ ನಮ್ಮ ಕೆಂಪು ಫ್ಲಾಸ್ಕೂ ಔಷಧಿಗೆ ಸಾಯುವುದನ್ನು ನಿಲ್ಲಿಸಿತ್ತು. ಬಾಯಿಯ ರುಚಿ ಅಂದರೆ ಒಂದು ನೆನಪು ಅಷ್ಟೇ, ಕಾಕತಾಳೀಯ ಅಂದುಕೊಂಡೆ. ಮೇಡಂಗೆ ಹೇಳಲಿಲ್ಲ.

ಆಮೇಲೆ ಬಂತು ಆ ರಾತ್ರಿ...

ಚಳಿಗಾಲ. ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು, ನಾನು ಹೊರಡುವ ತಯಾರಿಯಲ್ಲಿದ್ದೆ. ಹೊರಗೆ ಎಲ್ಲೋ ಢಂ ಅಂತ ಟ್ರಾನ್ಸ್‌ಫಾರ್ಮರ್ ಸಿಡಿದ ಸದ್ದು. ಕರೆಂಟ್ ಹೋಯಿತು. ಇಡೀ ದಿನ ಕಿವಿಯಲ್ಲಿದ್ದ ಯಂತ್ರಗಳ ಗುಂಯ್‌ಗುಡುವಿಕೆ ಒಮ್ಮೆಲೇ ನಿಂತಿತು. ಆಗ ಆವರಿಸಿದ ನಿಶ್ಶಬ್ದ... ಯಾರೋ ಉಸಿರು ಹಿಡಿದು ನಿಂತ ಹಾಗಿತ್ತು.

ಜನರೇಟರ್ ಕೆಮ್ಮಿತು, ಗೊರಗೊರ ಅಂದಿತು, ಸತ್ತಿತು. ವಾಚ್‌ಮನ್ ಎಷ್ಟು ತಿಣುಕಿದರೂ ಸ್ಟಾರ್ಟ್ ಆಗಲಿಲ್ಲ. ಬೆಳಗಿನವರೆಗೂ ಕರೆಂಟ್ ಬರುವುದಿಲ್ಲ ಅಂತ ಲೈನ್‌ಮನ್ ಫೋನಿನಲ್ಲಿ ಹೇಳಿಬಿಟ್ಟ.

ಇನ್‌ಕ್ಯುಬೇಟರ್ ಆಗಲೇ ತಣ್ಣಗಾಗಲು ಶುರುವಾಗಿತ್ತು. ಮೈಸೂರಿನಲ್ಲಿದ್ದ ಮೇಡಂಗೆ ಫೋನ್ ಮಾಡಿದೆ.

“ಕೆಂಪು ಫ್ಲಾಸ್ಕನ್ನ ಇನ್ನೂ ಫ್ರೀಜ್ ಮಾಡಿಲ್ಲ ಮಾರಾಯ್ತಿ! ಅದು ಹೋದ್ರೆ ವರ್ಷದ ಕೆಲಸ ಹೋಯ್ತು” ಅಂದರು. ಒಂದು ಕ್ಷಣ ಯೋಚಿಸಿ, “ಭದ್ರಾವತಿಯಲ್ಲಿ ನನ್ನ ಫ್ರೆಂಡ್ ಕಾಲೇಜ್ ಲ್ಯಾಬಲ್ಲಿ ಇನ್‌ಕ್ಯುಬೇಟರ್ ಇದೆ, ಇನ್ವರ್ಟರ್ ಇದೆ. ನಾನು ಹೇಳಿರ್ತೀನಿ. ಈಗಲೇ ಹೊರಡು. ಎರಡೂ ಫ್ಲಾಸ್ಕ್ ತಗೋ.”

“ದಾರಿಯಲ್ಲಿ ತಣ್ಣಗಾಗುತ್ತಲ್ಲ ಮೇಡಂ?”

“ಮೈಗೆ ಕಟ್ಕೊಂಡು ಹೋಗು.”

ಅದು ಹೊಸತೇನಲ್ಲ. ಬೇರೆ ದಾರಿ ಇಲ್ಲದಾಗ ಹೀಗೆ ಒಯ್ದವರಿದ್ದಾರೆ. ಮುಚ್ಚಳ ಬಿಗಿದು, ಎರಡೆರಡು ಪ್ಲಾಸ್ಟಿಕ್ ಕವರ್ ಹಾಕಿ ಸೀಲ್ ಮಾಡಿದೆ. ನೀಲಿಯದು ಎಡಕ್ಕೆ, ಕೆಂಪಿನದು ಬಲಕ್ಕೆ ಇಟ್ಟು ದುಪಟ್ಟಾದಿಂದ ಹೊಟ್ಟೆಗೆ ಬಿಗಿಯಾಗಿ ಕಟ್ಟಿಕೊಂಡೆ. ಮೇಲೆ ಸ್ವೆಟರ್, ಅದರ ಮೇಲೆ ಶಾಲು.

ನಮ್ಮ ಸಂಸ್ಥೆಯ ವ್ಯಾನ್ ಓಡಿಸುವ ನಜೀರ್ ಭಾಯ್ ಊಟ ಅರ್ಧಕ್ಕೆ ಬಿಟ್ಟು ಬಂದರು. ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲೇ. ಕಾಲೇಜು ಎಲ್ಲಿ ಅಂತ ಹೇಳಬೇಕಾಗಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತೆ.

ತುಂಗೆಯ ಸೇತುವೆ ದಾಟುವವರೆಗೆ ಎಲ್ಲವೂ ಸರಿ ಇತ್ತು. ಮಲವಗೊಪ್ಪ ಕಳೆಯಿತು. ರಸ್ತೆ ಖಾಲಿ ಖಾಲಿ. ಎದುರಿನಿಂದ ಅಪರೂಪಕ್ಕೊಂದು ಲಾರಿಯ ಬೆಳಕು ಒಳಗೆ ಬಂದು, ಸೀಟುಗಳ ಮೇಲೆ ಹರಿದು, ಹೋಗಿಬಿಡುತ್ತಿತ್ತು.

ಮೊದಲು ಗೊತ್ತಾದದ್ದು ಬಿಸಿ.

ತಣ್ಣಗಿದ್ದ ಪ್ಲಾಸ್ಟಿಕ್ ಮೈಗೆ ತಾಗಿ ಬೆಚ್ಚಗಾಗುವುದು ಸಹಜ. ಮೈಗಿಂತ ಬಿಸಿಯಾಗುವುದು ಹೇಗೆ? ಎಡಗಡೆಯದು ಹದವಾಗಿತ್ತು. ಬಲಗಡೆಯದು... ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಶಾಲಿನ ಒಳಗೆ ಕೈ ಹಾಕಿ ನೋಡಿದೆ. ಬೆರಳಿಗೂ ಹಾಗೇ ಅನ್ನಿಸಿತು. ಹೆದರಿಕೆಗೆ ಹೀಗಾಗುತ್ತಿದೆ, ಸುಮ್ಮನಿರು ಅಂತ ನನಗೆ ನಾನೇ ಹೇಳಿಕೊಂಡೆ.

ಮಾಚೇನಹಳ್ಳಿ ದಾಟಿದ ಮೇಲೆ ಹೊಟ್ಟೆಯಲ್ಲಿ ಭಾರ ಶುರುವಾಯಿತು. ನೋವಲ್ಲ. ತುಂಬಿದ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡ ಹಾಗೆ, ಗಾಡಿ ಅಲುಗಿದಾಗ ಒಳಗೆ ನೀರು ತುಳುಕಿದ ಹಾಗೆ. ಬಾಯೆಲ್ಲ ಒಂಥರಾ ಆಯಿತು. ನಾಲಿಗೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ರುಚಿ...

ಕಿಟಕಿಯ ಗಾಜು ಸರಿಸಿದೆ. ಆಗ ಬಂತು ವಾಸನೆ.

ಕೊಳೆತ ಎಲೆಕೋಸು ಬೇಯಿಸಿದ ಹಾಗೆ, ಅದಕ್ಕೆ ಸುಣ್ಣ ಬೆರೆಸಿದ ಹಾಗೆ. ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾಗದದ ಕಾರ್ಖಾನೆಯ ವಾಸನೆ ಅದು. ಚಿಕ್ಕವಳಿದ್ದಾಗ ಭದ್ರಾವತಿಗೆ ಬಸ್ಸಿನಲ್ಲಿ ಬಂದರೆ ಇದೇ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು.

“ಏನ್ ಮೇಡಂ ಇದು?” ನಜೀರ್ ಭಾಯ್ ಮೂಗೇರಿಸಿದರು. “ಫ್ಯಾಕ್ಟ್ರಿ ಮತ್ತೆ ಶುರು ಮಾಡಿದ್ರಾ?”

ಕಾರ್ಖಾನೆ ನಿಂತು ವರ್ಷಗಳೇ ಆಗಿದ್ದವು. ಇಬ್ಬರಿಗೂ ಅದು ಗೊತ್ತಿತ್ತು.

ನಾನು ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒರಗಿದೆ. ನಿದ್ದೆ ಬಂದಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಗಾಡಿ ತಿರುಗಿದ್ದು ಗೊತ್ತಾಯಿತು. ಇನ್ನೊಮ್ಮೆ ತಿರುಗಿತು. ಕಾಲೇಜು ಬಂತೇನೋ ಅಂದುಕೊಂಡೆ. ಗಾಡಿ ನಿಂತಿತು.

ಕಣ್ಣು ಬಿಟ್ಟರೆ ಕಾಲೇಜಲ್ಲ. ಸಾಲು ಸಾಲು ಹಳೆಯ ಕ್ವಾರ್ಟರ್ಸು. ಅರ್ಧಕ್ಕರ್ಧ ಮನೆಗಳಿಗೆ ಬೀಗ, ಅಂಗಳದಲ್ಲಿ ಆಳೆತ್ತರದ ಗಿಡಗಳು. ಒಂದೇ ಒಂದು ಮನೆಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲ ಮುಂದೆ ನಾಲ್ಕೈದು ಜನ ಶಾಲು ಹೊದ್ದು ಸುಮ್ಮನೆ ನಿಂತಿದ್ದರು.

“ನಜೀರ್ ಭಾಯ್, ಇದೆಲ್ಲಿಗೆ...”

ಅವರು ಉತ್ತರ ಕೊಡುವ ಮೊದಲೇ ಆ ಮನೆಯಿಂದ ಒಬ್ಬಳು ಓಡಿಬಂದು ವ್ಯಾನಿನ ಬಾಗಿಲು ಎಳೆದಳು. ರೇವತಿ. ಅತ್ತು ಅತ್ತು ಮುಖ ಊದಿಕೊಂಡಿತ್ತು.

“ಅಕ್ಕಾ... ನಿಮಗೆ ಯಾರು ಹೇಳಿದ್ರು?”

ನಾನು ವ್ಯಾನಿನಿಂದ ಇಳಿದೆ.

“ಬನ್ನಿ ಅಕ್ಕಾ, ಬೇಗ ಬನ್ನಿ. ಮಧ್ಯಾಹ್ನದಿಂದ ಜೀವ ಹಿಡ್ಕೊಂಡಿದಾರೆ. ಡಾಕ್ಟ್ರು ನೋಡಿ ಹೋದ್ರು, ಇನ್ನೇನೂ ಇಲ್ಲ ಅಂದ್ರು. ಆದ್ರೆ ಅಮ್ಮ ಒಂದೇ ಮಾತು ಹೇಳ್ತಾ ಇದಾರೆ. ‘ಇನ್ನೊಂಚೂರು ಬರೋದಿದೆ, ಬಂದ್ಮೇಲೆ ಹೋಗ್ತೀನಿ’ ಅಂತ. ಯಾರು ಬರ್ಬೇಕು ಅಂದ್ರೆ ಹೇಳಲ್ಲ.”

ಒಳಗೆ ಊದಿನಕಡ್ಡಿಯ ಹೊಗೆ, ಡೆಟ್ಟಾಲ್ ವಾಸನೆ. ಸೆಲ್ವಿಯಮ್ಮ ಗುರುತೇ ಸಿಗದಷ್ಟು ಇಳಿದುಹೋಗಿದ್ದರು. ಎದೆಯಲ್ಲಿ ಗೊರಗೊರ ಸದ್ದು. ನಾನು ಮಂಚದ ಪಕ್ಕ ಮೊಣಕಾಲೂರಿ ಕೂತೆ. ಅವರು ಕಣ್ಣು ಬಿಡಲಿಲ್ಲ. ಕೈ ಮಾತ್ರ ಎತ್ತಿದರು. ಅದು ತಡವರಿಸಲಿಲ್ಲ. ನೇರ ನನ್ನ ಶಾಲಿನ ಮೇಲೆ, ಎಡಗಡೆ, ಸರಿಯಾಗಿ ನೀಲಿ ಫ್ಲಾಸ್ಕ್ ಇದ್ದ ಜಾಗಕ್ಕೇ ಬಂದು ಕೂತಿತು.

ನಾನು ಏನನ್ನು ಕಟ್ಟಿಕೊಂಡಿದ್ದೇನೆ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಬಂದ್ಯಾ...” ಅಂದರು. ಮುಖದ ಮೇಲೆ ನಗು ಬಂತು. ಆ ಮಾತು ನನಗೆ ಹೇಳಿದ್ದಲ್ಲ.

ಹಾಗೇ ಕೈ ಸರಿಯುತ್ತಾ ಬಲಗಡೆಗೆ ಬಂತು. ಕೆಂಪು ಫ್ಲಾಸ್ಕಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಕಾದ ಬಾಣಲೆ ಮುಟ್ಟಿದವರ ಹಾಗೆ ಥಟ್ಟನೆ ಹಿಂದಕ್ಕೆಳೆದುಕೊಂಡರು. ಆಗ ಕಣ್ಣು ತೆರೆದವು. ನೇರ ನನ್ನನ್ನೇ ನೋಡಿದರು.

“ಇದನ್ನ ಯಾಕೆ ತಂದೆ ಕಣ್ಣು?”

ಅಷ್ಟೇ. ಗೊರಗೊರ ಸದ್ದು ನಿಂತಿತು.

ರೇವತಿಯ ಕೂಗು ಕೇಳಿಸಿತು. ಯಾರೋ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಎಷ್ಟು ಹೊತ್ತು ಅಲ್ಲಿದ್ದೆ, ರೇವತಿಗೆ ಏನು ಹೇಳಿದೆ, ನೆನಪಿಲ್ಲ. ಹೊರಗೆ ಬಂದಾಗ ಆ ವಾಸನೆ ಇರಲಿಲ್ಲ. ಬರೀ ಚಳಿ, ಮಂಜು, ದೂರದಲ್ಲಿ ನಾಯಿ ಬೊಗಳುವ ಸದ್ದು.

ಗಾಡಿ ಕಾಗದನಗರದ ಗೇಟು ದಾಟಿತು. ಕೊನೆಗೆ ನಾನೇ ಕೇಳಿದೆ.

“ಆ ಮನೆ ನಿಮಗೆ ಹೇಗೆ ಗೊತ್ತಿತ್ತು ನಜೀರ್ ಭಾಯ್?”

“ನನಗೆಲ್ಲಿ ಗೊತ್ತು? ನೀವೇ ಅಲ್ವಾ ಹೇಳಿದ್ದು.”

“ನಾನಾ?”

“ಹೂಂ. ‘ಇಂಗ ತಿರುಪ್ಪು’ ಅಂದ್ರಿ. ಇಲ್ಲಿ ತಿರುಗ್ಸು ಅಂತ. ಆಮೇಲೂ ಒಂದ್ಸಲ ಅಂದ್ರಿ, ಕೊನೆಗೆ ನಿಲ್ಸು ಅಂತಲೂ ಅಂದ್ರಿ. ನಿಮಗೆ ತಮಿಳೂ ಬರುತ್ತೆ ಅಂತ ನನಗೆ ಆಶ್ಚರ್ಯ ಆಯ್ತು.”

“ನನಗೆ ತಮಿಳು ಬರಲ್ಲ.”

ಗಾಡಿಯ ವೇಗ ಕಮ್ಮಿಯಾಯಿತು. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು, ತಕ್ಷಣ ಕಣ್ಣು ತೆಗೆದು ರಸ್ತೆಯ ಮೇಲಿಟ್ಟರು.

“ಅದಕ್ಕೇ...” ದನಿ ಬಹಳ ಸಣ್ಣದಾಗಿತ್ತು. “ಮಾತು ಕೆಳಗಡೆಯಿಂದ ಬಂದಂಗಿತ್ತು ಮೇಡಂ. ಸೀಟಿನ ಮಟ್ಟದಿಂದ. ನೀವು ಬಗ್ಗಿ ಕೂತು ಮಾತಾಡ್ತಿದೀರ ಅಂದ್ಕೊಂಡೆ.”

ಉಳಿದ ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಲೇ ಇತ್ತು. ಏನೋ ಪ್ರಾರ್ಥನೆ. ನಾನು ಹೊಟ್ಟೆಯಿಂದ ಕೈ ತೆಗೆದು ಎರಡೂ ಬದಿಗೆ ಸೀಟು ಹಿಡಿದುಕೊಂಡು ಕೂತೆ. ಅವನ್ನು ಬಿಚ್ಚಿ ಕಿಟಕಿಯಿಂದ ಹೊರಗೆ ಎಸೆಯಬೇಕು ಅಂತ ಎಷ್ಟು ಸಲ ಅನ್ನಿಸಿತೋ. ಆದರೆ ಮುಟ್ಟುವ ಧೈರ್ಯವೇ ಇರಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಮೇಡಂ ಅವರ ಸ್ನೇಹಿತೆ ಕಾಯುತ್ತಿದ್ದರು. ಇನ್‌ಕ್ಯುಬೇಟರಿಗೆ ಇಡುವ ಮೊದಲು ಒಂದು ಸಲ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕಿತ್ತು. ಮೊದಲು ನೀಲಿಯದು ಇಟ್ಟೆ.

ಎಲ್ಲವೂ ಸತ್ತಿದ್ದವು.

ಒಂದೂ ತಳದಲ್ಲಿರಲಿಲ್ಲ. ಸಂಜೆ ಅವು, ಹಾಸಿದ ಚಾಪೆಯ ಹಾಗೆ, ಒತ್ತೊತ್ತಾಗಿ ಹರಡಿಕೊಂಡಿದ್ದನ್ನು ನಾನೇ ನೋಡಿದ್ದೆ. ಈಗ ಉರುಟುರುಟಾಗಿ, ಹಿಡಿತ ಬಿಟ್ಟು, ಸುಮ್ಮನೆ ತೇಲುತ್ತಿದ್ದವು.

ಕೆಂಪಿನದು ಇಟ್ಟೆ. ಒಂದೂ ಸತ್ತಿರಲಿಲ್ಲ. ತಳ ಪೂರ್ತಿ ತುಂಬಿಕೊಂಡು, ಒಂದರ ಮೇಲೊಂದು ಹತ್ತಿಕೊಂಡು ಬೆಳೆದಿದ್ದವು. ಸಂಜೆ ಅಷ್ಟೊಂದು ಇರಲಿಲ್ಲ.

ಮೇಡಂ ವಾಪಸು ಬಂದ ಮೇಲೆ ಸಮಾಧಾನವಾಗಿ ವಿವರಿಸಿದರು. “ಚಳಿ, ಗಾಡಿಯ ಕುಲುಕಾಟ. ಗಟ್ಟಿ ಜೀವದವು ತಡ್ಕೊಂಡ್ವು, ಮೆತ್ತಗಿನವು ಹೋದ್ವು. ಔಷಧಿ ಮೀರಿದ್ದು ಚಳಿ ಮೀರಲ್ವಾ? ಇದರಲ್ಲಿ ವಿಶೇಷ ಏನಿದೆ ಮಾರಾಯ್ತಿ? ನೀಲಿಯದು ಟ್ಯಾಂಕಲ್ಲಿ ಇದೆಯಲ್ಲ, ಎಬ್ಬಿಸು.”

ಎಬ್ಬಿಸಿದೆ. ಹೆಪ್ಪುಗಟ್ಟಿಸಿಟ್ಟಿದ್ದ ಕೊಳವೆಗಳನ್ನು ಒಂದೊಂದಾಗಿ ತೆಗೆದು, ನಿಯಮ ತಪ್ಪದೆ ಕರಗಿಸಿ, ಹೊಸ ಊಟ ಹಾಕಿ, ಬೆಚ್ಚಗೆ ಇಟ್ಟು ಕಾದೆ. ಅದೇ ಟ್ಯಾಂಕಿನಲ್ಲಿ ಪಕ್ಕದಲ್ಲೇ ಇದ್ದ ಬೇರೆಯವರ ಕೋಶಗಳು ಎದ್ದವು. ಸೆಲ್ವಿಯಮ್ಮನವು ಒಂದೂ ಏಳಲಿಲ್ಲ. ಒಂದೇ ಒಂದೂ.

ಟ್ಯಾಂಕಿಗೆ ಆ ರಾತ್ರಿಯ ಚಳಿ ತಾಗಿರಲಿಲ್ಲ, ಕುಲುಕಾಟವೂ ಇರಲಿಲ್ಲ. ಅದಕ್ಕೆ ಕರೆಂಟೇ ಬೇಕಾಗಿಲ್ಲ. ಈ ಸಲ ಮೇಡಂ ತಾವೇ ನೋಡಿದರು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಎದ್ದು ಹೋದರು.

ಈಗ ಕೆಂಪಿನದು ಮಾತ್ರ ಇದೆ. ಬೆಳೆಯುತ್ತಲೇ ಇದೆ. ಅದನ್ನಿಟ್ಟುಕೊಂಡು ಕಲಿತದ್ದು ಬಹಳ, ಅದನ್ನು ಅಲ್ಲಗಳೆಯುವುದಿಲ್ಲ. ಮುಂದೆ ಎಷ್ಟೋ ಹೆಂಗಸರ ಜೀವಕ್ಕೆ ಅದು ದಾರಿಯಾದೀತು. ದಿನ ಬಿಟ್ಟು ದಿನ ನಾನೇ ಊಟ ಹಾಕುತ್ತೇನೆ. ಕತ್ತಲಾದ ಮೇಲೆ ಮಾತ್ರ ಆ ಇನ್‌ಕ್ಯುಬೇಟರಿನ ಬಾಗಿಲು ತೆರೆಯುವುದಿಲ್ಲ.

ಮೊನ್ನೆ ರೇವತಿ ಫೋನ್ ಮಾಡಿದ್ದಳು. ಕ್ವಾರ್ಟರ್ಸ್ ಬಿಟ್ಟು ಹೊಳಲೂರಿನ ಕಡೆ ಬಾಡಿಗೆ ಮನೆ ಮಾಡಿದ್ದಾಳೆ. ಅದೂ ಇದೂ ಮಾತಾಡಿ, ತಡೆದು ತಡೆದು ಕೇಳಿದಳು.

“ಅಕ್ಕಾ, ಅಮ್ಮಂದು ಅಂತ ಅಲ್ಲಿ ಏನಾದ್ರೂ ಉಳಿದಿದೆಯಾ?”

“ಇದೆ ರೇವತಿ.”

“ಜೀವಂತ ಇದೆಯಾ?”

“ಹೂಂ.”

ಅವಳು ಅಳುತ್ತಿದ್ದಳು. ಸಂತೋಷಕ್ಕೆ. “ಚೆನ್ನಾಗಿ ನೋಡ್ಕೊಳ್ಳಿ ಅಕ್ಕಾ” ಅಂದಳು.

ಆಯ್ತು ಅಂದು ಫೋನ್ ಇಟ್ಟೆ. ಅವಳ ಅಮ್ಮನದು ಅಂತ ಉಳಿದಿರುವುದು ಅಮ್ಮನನ್ನು ಕೊಂದದ್ದು ಮಾತ್ರ ಅಂತ ಆ ಹುಡುಗಿಗೆ ಹೇಗೆ ಹೇಳಲಿ? ಅದಿರಲಿ, ಅದನ್ನಾದರೂ ಒಂದು ದಿನ ಹೇಳಿಯೇನು. ನನ್ನ ನಿದ್ದೆ ಕೆಡಿಸಿರುವುದು ಬೇರೆ.

ಆ ರಾತ್ರಿ ನನ್ನ ಹೊಟ್ಟೆಯ ಮೇಲೆ ಇದ್ದದ್ದು ಎರಡು. ದಾರಿ ಹೇಳಿದ್ದು ಅದರಲ್ಲಿ ಯಾವುದು?